ಆಪ್ಟೊಮೆಟ್ರಿ ಶಾಲೆ ಆರಿಸುವುದು ಹೇಗೆ: ಅಮೆರಿಕದ ಆಯ್ಕೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ

ಅಮೆರಿಕದಲ್ಲಿ ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷಿಸಿ ಆರೈಕೆ ಮಾಡುವ ವಿದ್ಯೆ, ಓದಬೇಕು ಅಂದುಕೊಂಡವರು ಮೊದಲು ಹುಡುಕುವುದು ರ‍್ಯಾಂಕಿಂಗ್ ಪಟ್ಟಿಯನ್ನು. ಅದನ್ನು ಬದಿಗಿಡಿ. ಮಾನ್ಯತೆ ಪಡೆದ ಶಾಲೆಗಳು ದೇಶದಲ್ಲಿ ಇರುವುದೇ ಸುಮಾರು ಎರಡು ಡಜನ್. ಎಲ್ಲಕ್ಕೂ ಮಾನ್ಯತೆ ಕೊಡುವುದು ಎಸಿಒಇ ಎಂಬ ಒಂದೇ ಮಂಡಳಿ. ಎಲ್ಲಿ ಓದಿದರೂ ಸಿಗುವುದು ಒಡಿ, ಅಂದರೆ ಡಾಕ್ಟರ್ ಆಫ್ ಆಪ್ಟೊಮೆಟ್ರಿ ಪದವಿ. ಲೈಸೆನ್ಸ್‌ಗಾಗಿ ಬರೆಯಬೇಕಾದದ್ದು ಎನ್‌ಬಿಇಒ ಎಂಬ ರಾಷ್ಟ್ರೀಯ ಮಂಡಳಿ ನಡೆಸುವ ಅದೇ ಮೂರು ಭಾಗದ ಬೋರ್ಡ್ ಪರೀಕ್ಷೆ. ಕಣ್ಣು ತೋರಿಸಲು ಬಂದ ರೋಗಿ ಗೋಡೆಯ ಮೇಲಿನ ಸರ್ಟಿಫಿಕೇಟ್‌ನಲ್ಲಿ ಯಾವ ಊರಿನ ಹೆಸರಿದೆ ಅಂತ ನೋಡುವುದಿಲ್ಲ.

ಹಾಗಂತ ಶಾಲೆಗಳೆಲ್ಲ ಒಂದೇ ಅಲ್ಲ. ನಾಲ್ಕು ವರ್ಷ ಮುಗಿಯುವಾಗ ನಿಮ್ಮ ತಲೆಯ ಮೇಲೆ ಎಷ್ಟು ಸಾಲ ಇರುತ್ತದೆ, ಅಷ್ಟರಲ್ಲಿ ಎಷ್ಟು ಬಗೆಯ ರೋಗಿಗಳನ್ನು ನೀವೇ ಕೈಯಾರೆ ಪರೀಕ್ಷಿಸಿರುತ್ತೀರಿ, ಇವೆರಡು ಶಾಲೆಯಿಂದ ಶಾಲೆಗೆ ತುಂಬಾ ಬದಲಾಗುತ್ತವೆ. ಇವನ್ನು ಮುಂದಿಟ್ಟುಕೊಂಡೇ ಶಾಲೆಗಳನ್ನು ಹೋಲಿಸಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಉಳಿದದ್ದಕ್ಕೆಲ್ಲ ಎರಡನೇ ಸ್ಥಾನ.

ಸರ್ಕಾರಿ ಶಾಲೆಯೋ, ಖಾಸಗಿ ಶಾಲೆಯೋ

ರಾಜ್ಯ ವಿಶ್ವವಿದ್ಯಾಲಯಗಳ ಅಡಿಯಲ್ಲಿರುವ ಶಾಲೆಗಳು ಬೆರಳೆಣಿಕೆಯಷ್ಟು. ಕ್ಯಾಲಿಫೋರ್ನಿಯಾದ ಬರ್ಕ್ಲಿ, ಟೆಕ್ಸಾಸ್‌ನ ಹ್ಯೂಸ್ಟನ್, ಇಂಡಿಯಾನಾದ ಬ್ಲೂಮಿಂಗ್ಟನ್, ಒಹಾಯೊ ಸ್ಟೇಟ್, ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯವಾದ ಸುನಿ, ಅಲಬಾಮಾದ ಬರ್ಮಿಂಗ್‌ಹ್ಯಾಮ್, ಮಿಸ್ಸೂರಿಯ ಸೇಂಟ್ ಲೂಯಿಸ್, ಮಿಷಿಗನ್‌ನ ಫೆರಿಸ್ ಸ್ಟೇಟ್, ಒಕ್ಲಹೋಮಾದ ನಾರ್ತ್‌ಈಸ್ಟರ್ನ್ ಸ್ಟೇಟ್. ಈ ರಾಜ್ಯಗಳಲ್ಲಿ ಒಂದರ ನಿವಾಸಿಯಾಗಿದ್ದರೆ ನಿಮ್ಮ ಪಟ್ಟಿಯಲ್ಲಿ ಮೊದಲ ಹೆಸರು ಅದೇ ಆಗಿರಲಿ. ನಿವಾಸಿಗಳ ಶುಲ್ಕಕ್ಕೂ ಹೊರಗಿನವರ ಶುಲ್ಕಕ್ಕೂ ನಾಲ್ಕು ವರ್ಷಕ್ಕೆ ಬರುವ ವ್ಯತ್ಯಾಸ ಸಣ್ಣದಲ್ಲ.

ಹೊರರಾಜ್ಯದವರಾಗಿದ್ದರೆ ಲೆಕ್ಕ ಬೇರೆ. ಸರ್ಕಾರಿ ಶಾಲೆಯ ಹೊರರಾಜ್ಯ ಶುಲ್ಕ ಕೆಲವು ಕಡೆ ಖಾಸಗಿ ಶಾಲೆಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಆಗ ಕೇಳಬೇಕಾದ ಪ್ರಶ್ನೆ: ಒಂದು ವರ್ಷ ಅಲ್ಲಿ ವಾಸವಿದ್ದ ಮೇಲೆ ನಿವಾಸಿ ಶುಲ್ಕಕ್ಕೆ ಬದಲಾಗಬಹುದೇ? ಕೆಲವು ರಾಜ್ಯಗಳು ಒಪ್ಪುತ್ತವೆ. ಇನ್ನು ಕೆಲವು, ಓದಲೆಂದೇ ಬಂದವರನ್ನು ನಿವಾಸಿ ಎಂದು ಒಪ್ಪುವುದೇ ಇಲ್ಲ. ಸೀನಿಯರ್ ವಿದ್ಯಾರ್ಥಿಗಳ ಬಾಯಿಮಾತು ನಂಬಬೇಡಿ. ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಕಚೇರಿಗೆ ಬರೆದು, ಲಿಖಿತ ಉತ್ತರ ತರಿಸಿಕೊಳ್ಳಿ.

ನಿಮ್ಮ ರಾಜ್ಯದಲ್ಲಿ ಆಪ್ಟೊಮೆಟ್ರಿ ಶಾಲೆಯೇ ಇಲ್ಲದಿದ್ದರೆ ತುಂಬಾ ಜನ ಗಮನಿಸದ ಒಂದು ದಾರಿ ಇದೆ. ದಕ್ಷಿಣದ ರಾಜ್ಯಗಳಿಗೆ ಎಸ್‌ಆರ್‌ಇಬಿ, ಪಶ್ಚಿಮದ ರಾಜ್ಯಗಳಿಗೆ ವಿಚಿ ಎಂಬ ಒಕ್ಕೂಟಗಳಿವೆ. ಇವುಗಳ ಮೂಲಕ ಕೆಲವು ರಾಜ್ಯಗಳು ಬೇರೆ ರಾಜ್ಯದ ಶಾಲೆಯಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಸೀಟಿನ ವೆಚ್ಚದ ಒಂದು ಭಾಗ ಭರಿಸುತ್ತವೆ. ಎಲ್ಲ ರಾಜ್ಯವೂ ಇದರಲ್ಲಿಲ್ಲ, ಪ್ರತಿ ವರ್ಷ ಸಿಗುವ ಸೀಟೂ ಕಡಿಮೆ. ಕೆಲವು ರಾಜ್ಯಗಳು ಓದಿದ ಮೇಲೆ ವಾಪಸ್ ಬಂದು ಇಷ್ಟು ವರ್ಷ ಕೆಲಸ ಮಾಡಬೇಕು ಎಂದು ಷರತ್ತು ಹಾಕುತ್ತವೆ. ಹೇಗೂ ಮನೆಯ ಹತ್ತಿರವೇ ಇರಬೇಕೆಂದಿರುವವರಿಗೆ ಆ ಷರತ್ತು ಒಂದು ಹೊರೆಯೇ ಅಲ್ಲ, ಅಲ್ವಾ? ಇದಕ್ಕೆ ಶಾಲೆಯ ಅರ್ಜಿಯ ಜೊತೆಗೆ ರಾಜ್ಯದ ಕಚೇರಿಗೂ ಬೇರೆ ಅರ್ಜಿ ಹಾಕಬೇಕು. ಅದರ ಕೊನೆಯ ದಿನಾಂಕ ಶಾಲೆಯ ದಿನಾಂಕಕ್ಕಿಂತ ಮೊದಲೇ ಮುಗಿದುಹೋಗಬಹುದು.

ಖಾಸಗಿ ಶಾಲೆಗಳನ್ನು ನಾನು ಕಡೆಗಣಿಸುತ್ತಿಲ್ಲ. ಷಿಕಾಗೊದ ಇಲಿನಾಯ್ ಕಾಲೇಜ್ ಆಫ್ ಆಪ್ಟೊಮೆಟ್ರಿ 1872ರಷ್ಟು ಹಳೆಯದು. ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕಾಲೇಜ್ 1894ರದು. ಮೆಂಫಿಸ್‌ನ ಸದರ್ನ್ ಕಾಲೇಜ್ 1932ರಿಂದ ನಡೆಯುತ್ತಿದೆ. ಇವು ಆಪ್ಟೊಮೆಟ್ರಿಯನ್ನೇ ಜೀವಾಳ ಮಾಡಿಕೊಂಡ ಸಂಸ್ಥೆಗಳು. ದೊಡ್ಡ ನಗರದ ನಡುವೆ ಇರುವುದರಿಂದ ಕ್ಲಿನಿಕ್‌ಗೆ ರೋಗಿಗಳ ಕೊರತೆ ಇಲ್ಲ. ಬೆಲೆ ಮಾತ್ರ ಭಾರಿ.

ಸಾಲದ ಲೆಕ್ಕ ಈಗ ಬದಲಾಗಿದೆ

ಈ ಭಾಗವನ್ನು ಅಪ್ಪ ಅಮ್ಮನ ಜೊತೆ ಕುಳಿತು ಓದಿ. 2025ರಲ್ಲಿ ಬಂದ ಹೊಸ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ ಸಾಲ ಸಿಗುವುದಿಲ್ಲ. ಹಿಂದೆ ಆ ಸಾಲದಲ್ಲಿ ಶಾಲೆಯ ಪೂರ್ತಿ ಖರ್ಚಿನವರೆಗೂ ತೆಗೆಯಬಹುದಿತ್ತು. ಈಗ ವೃತ್ತಿಪರ ಕೋರ್ಸ್‌ಗಳಿಗೆ ಕೇಂದ್ರ ಸರ್ಕಾರದ ಸಾಲದ ಮಿತಿ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್. ಆಪ್ಟೊಮೆಟ್ರಿ ಈ ವೃತ್ತಿಪರ ಪಟ್ಟಿಯಲ್ಲಿದೆ.

ಇದರ ಅರ್ಥ ಏನು? ಶುಲ್ಕ, ಬಾಡಿಗೆ, ಊಟ, ಉಪಕರಣ, ವಿಮೆ ಎಲ್ಲ ಸೇರಿಸಿದರೆ ಹಲವು ಖಾಸಗಿ ಶಾಲೆಗಳ ವರ್ಷದ ಖರ್ಚು 50 ಸಾವಿರ ದಾಟುತ್ತದೆ. ಮೇಲಿನ ಹಣವನ್ನು ಮನೆಯಿಂದ ತರಬೇಕು, ಇಲ್ಲವೇ ಬ್ಯಾಂಕಿನಿಂದ ಖಾಸಗಿ ಸಾಲ ತೆಗೆಯಬೇಕು. ಖಾಸಗಿ ಸಾಲಕ್ಕೆ ಸರ್ಕಾರಿ ಸಾಲದ ಹಾಗೆ ಆದಾಯಕ್ಕೆ ತಕ್ಕ ಕಂತಿನ ಸೌಲಭ್ಯ ಇರುವುದಿಲ್ಲ. ಹಾಗಾಗಿ ವರ್ಷದ ಖರ್ಚು 50 ಸಾವಿರದ ಒಳಗಿರುವ ಶಾಲೆಗೂ ಅದನ್ನು ದಾಟುವ ಶಾಲೆಗೂ ನಡುವೆ ಈಗ ಒಂದು ಗೆರೆಯೇ ಎದ್ದಿದೆ.

ಒಂದು ಲೆಕ್ಕ ಹಾಕೋಣ. 2 ಲಕ್ಷ ಡಾಲರ್ ಸಾಲವನ್ನು ಶೇ 8ರ ಬಡ್ಡಿಯಲ್ಲಿ 10 ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 2,430 ಡಾಲರ್. ಅದೇ 1 ಲಕ್ಷ 20 ಸಾವಿರ ಸಾಲಕ್ಕೆ ಸುಮಾರು 1,460. ಅಮೆರಿಕದಲ್ಲಿ ಆಪ್ಟೊಮೆಟ್ರಿಸ್ಟ್‌ಗಳ ಮಧ್ಯಮ ಮಟ್ಟದ ಸಂಬಳ ವರ್ಷಕ್ಕೆ 1 ಲಕ್ಷ 30 ಸಾವಿರ ಡಾಲರ್ ಆಸುಪಾಸು. ತೆರಿಗೆ ಕಳೆದ ಮೇಲೆ ಕೈಗೆ ಬರುವುದರಲ್ಲಿ ಈ ಕಂತು ಎಷ್ಟು ತಿನ್ನುತ್ತದೆ ನೋಡಿ. ಕಂತಿನ ಆ ವ್ಯತ್ಯಾಸ, ಸ್ವಂತ ಪ್ರಾಕ್ಟೀಸ್ ಶುರು ಮಾಡುವುದೋ ಅಥವಾ ಚೈನ್ ಅಂಗಡಿಯಲ್ಲಿ ಕೆಲಸಕ್ಕೆ ಸೇರುವುದೋ ಎಂಬುದನ್ನು ಎಷ್ಟೋ ಜನರ ಪಾಲಿಗೆ ತೀರ್ಮಾನಿಸಿಬಿಡುತ್ತದೆ. ಕೋರ್ಸ್ ಸೇರುವ ಮೊದಲೇ ಆ ತೀರ್ಮಾನ ಆಗಿಹೋಗಿರುತ್ತದೆ ಅನ್ನುವುದೇ ನನಗೆ ಬೇಸರ ತರುವ ಸಂಗತಿ.

ಪೌರತ್ವ ಇರುವವರಿಗೆ ಸೇನೆಯ ಎಚ್‌ಪಿಎಸ್‌ಪಿ ವಿದ್ಯಾರ್ಥಿವೇತನ ಇನ್ನೊಂದು ಆಯ್ಕೆ. ಶುಲ್ಕ ಪೂರ್ತಿ ಕಟ್ಟುತ್ತಾರೆ, ತಿಂಗಳಿಗೆ ಭತ್ಯೆಯನ್ನೂ ಕೊಡುತ್ತಾರೆ. ಬದಲಿಗೆ ಕೆಲವು ವರ್ಷ ಸಮವಸ್ತ್ರದಲ್ಲಿ ಸೇವೆ. ಸೇನೆಯ ಬದುಕಿಗೆ ಮನಸ್ಸಿದ್ದರೆ ಮಾತ್ರ ಇದು ಒಳ್ಳೆಯದು. ಬರೀ ಸಾಲದ ಭಯಕ್ಕೆ ಸೇರುವುದು ಬೇಡ.

ಕೆಲಸಕ್ಕೆಂದು ಹೋದವರ ಕುಟುಂಬಕ್ಕೆ ಸಿಗುವ ಎಚ್-4 ವೀಸಾದಲ್ಲಿ ಅಲ್ಲೇ ಬೆಳೆದ ಮಕ್ಕಳು, ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರು ಗಮನಿಸಿ: ಈ ಸರ್ಕಾರಿ ಸಾಲಗಳು ನಿಮಗೆ ಸಿಗುವುದಿಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಅಮೆರಿಕದ ಪೌರರೋ ಗ್ರೀನ್ ಕಾರ್ಡ್ ಇರುವವರೋ ಜಾಮೀನು ಸಹಿ ಹಾಕಬೇಕು. ಎಚ್-4ನವರಿಗೆ ನಿವಾಸಿ ಶುಲ್ಕ ಕೊಡುವ ರಾಜ್ಯಗಳಿವೆ. ಆದರೆ 21 ವರ್ಷ ತುಂಬಿದ ಮೇಲೆ ವೀಸಾ ಬದಲಾಗಬೇಕು, ಆಗ ಆ ಸೌಲಭ್ಯ ಉಳಿಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಕ್ಲಿನಿಕ್ ನೋಡಿ ಶಾಲೆ ಆರಿಸಿ

ಪುಸ್ತಕದಲ್ಲಿರುವುದು ಎಲ್ಲ ಶಾಲೆಯಲ್ಲೂ ಹೆಚ್ಚುಕಡಿಮೆ ಒಂದೇ. ಕಣ್ಣಿನ ರಚನೆ, ಬೆಳಕಿನ ಶಾಸ್ತ್ರ, ಔಷಧಗಳು, ಕಾಯಿಲೆಗಳು. ಬೇರೆಯಾಗುವುದು ರೋಗಿಯ ಎದುರು ಕುಳಿತಾಗ. ರೆಟಿನಾ ನೋಡಲು ಕೈಯಲ್ಲಿ ಲೆನ್ಸ್ ಹಿಡಿದು ತಲೆಗೆ ದೀಪ ಕಟ್ಟಿಕೊಂಡಾಗ ಮೊದಲಿಗೆ ಏನೂ ಕಾಣಿಸುವುದಿಲ್ಲ. ನೂರಾರು ಕಣ್ಣು ನೋಡಿದ ಮೇಲೆ ಕೈ ಪಳಗುತ್ತದೆ. ಈಜು ಕಲಿಯಲು ನೀರಿಗೆ ಇಳಿಯಲೇಬೇಕಲ್ಲ, ಹಾಗೆ.

ದೊಡ್ಡ ನಗರದ ಶಾಲೆ ಮತ್ತು ಚಿಕ್ಕ ಊರಿನ ಶಾಲೆಯನ್ನು ಹೋಲಿಸುವಾಗ ಇದನ್ನೇ ನೋಡಬೇಕು. ಮ್ಯಾನ್‌ಹಟನ್‌ನ ಸುನಿಯಲ್ಲಿ, ಷಿಕಾಗೊದ ಇಲಿನಾಯ್ ಐ ಇನ್‌ಸ್ಟಿಟ್ಯೂಟ್‌ನಲ್ಲಿ, ಮೆಂಫಿಸ್‌ನ ಕ್ಲಿನಿಕ್‌ನಲ್ಲಿ ಬಗೆಬಗೆಯ ಜನ ಬರುತ್ತಾರೆ. ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾದವರು, ವರ್ಷಗಟ್ಟಲೆ ಪರೀಕ್ಷೆ ಮಾಡಿಸದೆ ಗ್ಲಾಕೋಮಾ ಮುಂದುವರಿದವರು, ವಿಮೆ ಇಲ್ಲದವರು. ಬಾಸ್ಟನ್‌ನ ಶಾಲೆ ವಿದ್ಯಾರ್ಥಿಗಳನ್ನು ನಗರದ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಗನೆ ಕಳಿಸುವುದಕ್ಕೆ ಹೆಸರಾಗಿದೆ.

ಚಿಕ್ಕ ಊರು ಅಂದರೆ ರೋಗಿಗಳು ಕಡಿಮೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಒಕ್ಲಹೋಮಾದ ಶಾಲೆ ಇರುವ ಟಾಲಕ್ವಾ, ಚೆರೋಕಿ ನೇಷನ್‌ನ ರಾಜಧಾನಿ. ಅಲ್ಲಿನ ವಿದ್ಯಾರ್ಥಿಗಳು ಮೂಲನಿವಾಸಿಗಳ ಆಸ್ಪತ್ರೆಗಳಲ್ಲಿ ಕೆಲಸ ಕಲಿಯುತ್ತಾರೆ. ತರಗತಿ ಚಿಕ್ಕದು, ಹಾಗಾಗಿ ಒಬ್ಬೊಬ್ಬರ ಪಾಲಿಗೆ ಬರುವ ರೋಗಿಗಳು ಜಾಸ್ತಿ. ಒಟ್ಟು ರೋಗಿಗಳ ಸಂಖ್ಯೆಯನ್ನು ಶಾಲೆಗಳು ಹೆಮ್ಮೆಯಿಂದ ಹೇಳುತ್ತವೆ. ನಿಮಗೆ ಬೇಕಾದದ್ದು ಆ ಸಂಖ್ಯೆ ಎಷ್ಟು ವಿದ್ಯಾರ್ಥಿಗಳ ನಡುವೆ ಹಂಚಿಹೋಗುತ್ತದೆ ಎಂಬುದು.

ಸಂದರ್ಶನಕ್ಕೆ ಹೋದಾಗ ಮೊದಲ ರೋಗಿಯನ್ನು ಯಾವ ವರ್ಷದಲ್ಲಿ ನೋಡುತ್ತೀರಿ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಮಕ್ಕಳ ಕಣ್ಣು, ಮೆಳ್ಳೆಗಣ್ಣು, ಕಷ್ಟದ ಕಾಂಟ್ಯಾಕ್ಟ್ ಲೆನ್ಸ್, ದೃಷ್ಟಿ ತೀರಾ ಕಡಿಮೆ ಇರುವವರ ಆರೈಕೆ, ಇವೆಲ್ಲ ಎಲ್ಲರಿಗೂ ಸಿಗುತ್ತವೆಯೋ, ಆರಿಸಿಕೊಂಡವರಿಗೆ ಮಾತ್ರವೋ ತಿಳಿದುಕೊಳ್ಳಿ. ನಾಲ್ಕನೇ ವರ್ಷ ಹೆಚ್ಚಾಗಿ ಹೊರಗಿನ ಕ್ಲಿನಿಕ್‌ಗಳಲ್ಲೇ ಕಳೆಯುತ್ತದೆ. ಮಾಜಿ ಸೈನಿಕರ ವಿಎ ಆಸ್ಪತ್ರೆಯಲ್ಲಿ ಒಂದು ಸರದಿ ಸಿಕ್ಕರೆ ಕಾಯಿಲೆಗಳ ಬಗ್ಗೆ ಕಲಿಯುವುದು ಅಪಾರ. ಈ ಸ್ಥಳಗಳನ್ನು ಯಾರು ಹಂಚುತ್ತಾರೆ, ಅಲ್ಲಿ ಉಳಿಯುವ ಬಾಡಿಗೆ ಯಾರದು ಅನ್ನುವುದೂ ಮುಖ್ಯ. ಕೆಲವು ತಿಂಗಳಿಗೊಮ್ಮೆ ಊರು ಬದಲಿಸುವ ಖರ್ಚು ಶಾಲೆಯ ಶುಲ್ಕದ ಪಟ್ಟಿಯಲ್ಲಿ ಇರುವುದಿಲ್ಲ.

ರಾಜ್ಯದ ಕಾನೂನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಪ್ಟೊಮೆಟ್ರಿಸ್ಟ್ ಏನೇನು ಮಾಡಬಹುದು ಎಂದು ತೀರ್ಮಾನಿಸುವುದು ಆಯಾ ರಾಜ್ಯ. ಒಕ್ಲಹೋಮಾ 1998ರಲ್ಲೇ ಕೆಲವು ಲೇಸರ್ ಚಿಕಿತ್ಸೆಗಳಿಗೆ ಅನುಮತಿ ಕೊಟ್ಟಿತು. ಕೆಂಟಕಿ 2011ರಲ್ಲಿ, ಲೂಸಿಯಾನಾ 2014ರಲ್ಲಿ ಕೊಟ್ಟವು. ಈಗ ಹತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇದಕ್ಕೆ ಅವಕಾಶ ಇದೆ. ಅಂಥ ರಾಜ್ಯದಲ್ಲಿ ಓದಿದರೆ ಲೇಸರ್ ಚಿಕಿತ್ಸೆಯನ್ನು ನಿಜವಾದ ರೋಗಿಗಳ ಮೇಲೆ ಹತ್ತಿರದಿಂದ ನೋಡಿ ಕಲಿಯುವ ಅವಕಾಶ ಜಾಸ್ತಿ. ಮುಂದೆ ಎಲ್ಲಿ ನೆಲೆಸುತ್ತೀರಿ ಎಂಬುದು ಗೊತ್ತಿದ್ದರೆ ಆ ರಾಜ್ಯದ ಕಾನೂನನ್ನು ಇವತ್ತೇ ಓದಿ.

ಹಳೆಯ ಶಾಲೆ, ಹೊಸ ಶಾಲೆ

2009ರಿಂದೀಚೆಗೆ ಹೊಸ ಶಾಲೆಗಳು ಸಾಕಷ್ಟು ಬಂದಿವೆ. ಅರಿಜೋನಾದಲ್ಲಿ ಮಿಡ್‌ವೆಸ್ಟರ್ನ್, ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ವೆಸ್ಟರ್ನ್, ಟೆಕ್ಸಾಸ್‌ನಲ್ಲಿ ಇನ್‌ಕಾರ್ನೇಟ್ ವರ್ಡ್, ಆಮೇಲೆ ಕೆಂಟಕಿಯ ಪೈಕ್‌ವಿಲ್. ಹೊಸ ಕಟ್ಟಡ, ಹೊಸ ಯಂತ್ರ, ಪ್ರವೇಶ ಸ್ವಲ್ಪ ಸುಲಭ. ಆದರೆ ತೀರಾ ಹೊಸ ಶಾಲೆಗೆ ಪೂರ್ತಿ ಮಾನ್ಯತೆ ಸಿಗಬೇಕಾದರೆ ಮೊದಲ ಬ್ಯಾಚ್ ಓದು ಮುಗಿಸುವ ತನಕ ಕಾಯಬೇಕು. ಅಲ್ಲಿಯವರೆಗೆ ತಾತ್ಕಾಲಿಕ ಒಪ್ಪಿಗೆ ಮಾತ್ರ. ನೋಡಲು ಬೋರ್ಡ್ ಫಲಿತಾಂಶವೂ ಇರುವುದಿಲ್ಲ.

ಬೋರ್ಡ್ ಫಲಿತಾಂಶವನ್ನು ಓದುವುದಕ್ಕೂ ಒಂದು ಕ್ರಮ ಇದೆ. ಶಾಲೆಗಳ ಸಂಘವಾದ ಆಸ್ಕೊ ಎಲ್ಲ ಶಾಲೆಗಳ ಪಾಸಾದವರ ಪ್ರಮಾಣವನ್ನು ಪ್ರಕಟಿಸುತ್ತದೆ. ಕೊನೆಗೆ ಪಾಸಾದವರ ಶೇಕಡಾವಾರು ಎಲ್ಲ ಕಡೆಯೂ ಚೆನ್ನಾಗಿಯೇ ಕಾಣುತ್ತದೆ. ನೀವು ಹುಡುಕಬೇಕಾದದ್ದು ಮೊದಲ ಭಾಗವನ್ನು ಮೊದಲ ಸಲವೇ ಪಾಸಾದವರು ಎಷ್ಟು ಎಂಬುದನ್ನು. ಮೂರನೇ ವರ್ಷದಲ್ಲಿ ಬರೆಯುವ ಈ ಭಾಗವೇ ಎಲ್ಲಕ್ಕಿಂತ ಕಠಿಣ. ಜೊತೆಗೆ, ಸೇರಿದವರಲ್ಲಿ ಎಷ್ಟು ಜನ ಓದು ಬಿಟ್ಟರು ಅಥವಾ ಒಂದು ವರ್ಷ ಹಿಂದುಳಿದರು ಅನ್ನುವುದನ್ನೂ ಕೇಳಿ. ಸಾಲ ಮಾಡಿ ಸೇರಿ, ಎರಡನೇ ವರ್ಷದಲ್ಲಿ ಹೊರಬಿದ್ದವರ ಕಷ್ಟ ದೊಡ್ಡದು. ಸುಲಭವಾಗಿ ಸೀಟು ಕೊಡುವ ಶಾಲೆಯಲ್ಲಿ ಈ ಪ್ರಶ್ನೆಯನ್ನು ಎರಡು ಸಲ ಕೇಳಿ.

ಮೂರು ವರ್ಷ, ನಾಲ್ಕು ವರ್ಷ, ಏಳು ವರ್ಷ

ಸಾಮಾನ್ಯ ದಾರಿ ಎಂದರೆ ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷದ ಒಡಿ. ಕೆಲವು ಕಾಲೇಜುಗಳು ಆಪ್ಟೊಮೆಟ್ರಿ ಶಾಲೆಯ ಜೊತೆ ಒಪ್ಪಂದ ಮಾಡಿಕೊಂಡು ಎರಡನ್ನೂ ಏಳು ವರ್ಷದಲ್ಲಿ ಮುಗಿಸುವ ಅವಕಾಶ ಕೊಡುತ್ತವೆ. ಹೈಸ್ಕೂಲಿನಲ್ಲೇ ಮನಸ್ಸು ಗಟ್ಟಿಯಾದವರಿಗೆ ಒಂದು ವರ್ಷದ ಖರ್ಚು ಉಳಿಯುತ್ತದೆ. ಆದರೆ 17ನೇ ವಯಸ್ಸಿನಲ್ಲಿ ಒಂದೇ ಶಾಲೆಗೆ ಕಟ್ಟಿಕೊಳ್ಳುವುದು ನನಗೆ ಅಷ್ಟು ಒಪ್ಪಿಗೆ ಇಲ್ಲ. ಒಪ್ಪಂದದಿಂದ ಹೊರಬರಲು ಅವಕಾಶ ಇದೆಯೇ ನೋಡಿಕೊಂಡು ಸಹಿ ಹಾಕಿ.

ಪೆನ್ಸಿಲ್ವೇನಿಯಾ ಕಾಲೇಜ್ ಆಫ್ ಆಪ್ಟೊಮೆಟ್ರಿ, ಅಂದರೆ ಮೊದಲು ಸೇಲಸ್ ಆಗಿದ್ದು ಈಗ ಡ್ರೆಕ್ಸೆಲ್ ವಿಶ್ವವಿದ್ಯಾಲಯಕ್ಕೆ ಸೇರಿರುವ ಶಾಲೆ, 2014ರಲ್ಲಿ ಒಡಿಯನ್ನೇ ಮೂರು ವರ್ಷದಲ್ಲಿ ಮುಗಿಸುವ ಕೋರ್ಸ್ ಶುರು ಮಾಡಿತು. ಬೇಸಿಗೆ ರಜೆ ಇಲ್ಲ. ಒಂದು ವರ್ಷದ ಬಾಡಿಗೆ ಊಟ ಉಳಿಯುತ್ತದೆ, ಒಂದು ವರ್ಷ ಮೊದಲೇ ಸಂಬಳ ಬರುತ್ತದೆ. ಈಗಾಗಲೇ ಕೆಲಸ ಮಾಡಿದವರಿಗೆ, ಸಂಸಾರ ಇರುವವರಿಗೆ ಇದು ಹೊಂದಬಹುದು. ಡಿಗ್ರಿಯಲ್ಲಿ ವಿಜ್ಞಾನದ ವಿಷಯಗಳಿಗೆ ಕಷ್ಟಪಟ್ಟವರು ಇದರ ಹತ್ತಿರ ಹೋಗದಿರುವುದೇ ಒಳ್ಳೆಯದು.

ಬೇರೆ ದೇಶದಲ್ಲಿ ಆಪ್ಟೊಮೆಟ್ರಿ ಡಿಗ್ರಿ ಮುಗಿಸಿದವರು ಮತ್ತೆ ಮೊದಲ ವರ್ಷದಿಂದ ಶುರು ಮಾಡಲೇಬೇಕೆಂದಿಲ್ಲ. ಬಾಸ್ಟನ್‌ನ ಶಾಲೆಯಂತೆ ಕೆಲವು ಕಡೆ ಅಂಥವರನ್ನು ಮುಂದಿನ ಹಂತಕ್ಕೆ ಸೇರಿಸಿಕೊಳ್ಳುವ ಪ್ರತ್ಯೇಕ ಕೋರ್ಸ್ ಇದೆ. ಆದರೆ ಒಡಿ ಇಲ್ಲದೆ ನೇರವಾಗಿ ಲೈಸೆನ್ಸ್ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬೇಗ ಹಾಕುವುದೋ, ಅಂಕ ಹೆಚ್ಚಿಸಿಕೊಂಡು ಹಾಕುವುದೋ

ಎಲ್ಲ ಶಾಲೆಗೂ ಅರ್ಜಿ ಹೋಗುವುದು ಆಪ್ಟಮ್‌ಕ್ಯಾಸ್ ಎಂಬ ಒಂದೇ ಜಾಲತಾಣದ ಮೂಲಕ. ಬೇಸಿಗೆಯಲ್ಲಿ ತೆರೆಯುತ್ತದೆ, ಕೊನೆಯ ದಿನಾಂಕ ಮುಂದಿನ ವರ್ಷದವರೆಗೂ ಇರುತ್ತದೆ. ಆ ಕೊನೆಯ ದಿನಾಂಕ ನೋಡಿ ನಿರಾಳವಾಗಬೇಡಿ. ಹೆಚ್ಚಿನ ಶಾಲೆಗಳು ಅರ್ಜಿ ಬಂದ ಹಾಗೆ ಓದಿ, ಸಂದರ್ಶನಕ್ಕೆ ಕರೆದು, ಸೀಟು ತುಂಬುತ್ತಾ ಹೋಗುತ್ತವೆ. ವಿದ್ಯಾರ್ಥಿವೇತನದ ಹಣವೂ ಹಾಗೆಯೇ ಕರಗುತ್ತದೆ.

ಪ್ರವೇಶ ಪರೀಕ್ಷೆ ಒಎಟಿ. ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ ಸೇರಿ ನೂರು ಪ್ರಶ್ನೆ. ಆಮೇಲೆ ಓದಿ ಅರ್ಥಮಾಡಿಕೊಳ್ಳುವುದು, ಜೊತೆಗೆ ಭೌತಶಾಸ್ತ್ರ ಮತ್ತು ಗಣಿತದಲ್ಲಿ ತಲಾ ನಲವತ್ತು. ಕೆಲವು ಶಾಲೆಗಳು ಜಿಆರ್‌ಇ ಅಂಕವನ್ನೂ ಒಪ್ಪುತ್ತವೆ. ಆದರೂ ಒಎಟಿಯನ್ನೇ ಬರೆಯಿರಿ ಅನ್ನುತ್ತೇನೆ. ಎಲ್ಲ ಶಾಲೆಯ ಬಾಗಿಲೂ ತೆರೆದಿರುತ್ತದೆ, ಮೊದಲ ವರ್ಷದ ಓದಿಗೆ ಬೇಕಾದ ಭೌತಶಾಸ್ತ್ರವೂ ತಲೆಯಲ್ಲಿ ಹೊಸದಾಗಿರುತ್ತದೆ. ಕನ್ನಡಕದ ಕೆಲಸ ಪೂರ್ತಿ ನಿಂತಿರುವುದೇ ಬೆಳಕಿನ ಶಾಸ್ತ್ರದ ಮೇಲೆ.

ಆಗಸ್ಟ್‌ನಲ್ಲಿ ಸಾಧಾರಣ ಅಂಕದೊಂದಿಗೆ ಹಾಕುವುದೋ, ಜನವರಿಯಲ್ಲಿ ಒಳ್ಳೆಯ ಅಂಕದೊಂದಿಗೆ ಹಾಕುವುದೋ? ನಿಮ್ಮ ಅಂಕ ನೀವು ಬಯಸುವ ಶಾಲೆಯ ಸರಾಸರಿಗೆ ಹತ್ತಿರ ಇದ್ದರೆ ಬೇಗ ಹಾಕಿ. ತುಂಬಾ ಕೆಳಗಿದ್ದರೆ ಅರ್ಜಿಯನ್ನು ಬೇಗ ಕಳಿಸಿ, ಮತ್ತೆ ಬರೆಯುವ ದಿನಾಂಕವನ್ನು ಅದರಲ್ಲೇ ನಮೂದಿಸಿ. ಯಾವ ಶಾಲೆಯ ಸರಾಸರಿ ಎಷ್ಟು ಎಂಬುದನ್ನು ಆಸ್ಕೊ ಪ್ರಕಟಿಸುವ ವಿವರಗಳಲ್ಲಿ ನೋಡಬಹುದು. ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಡಿಗ್ರಿಯ ಸರಾಸರಿ ಅಂಕ, ಅಲ್ಲಿ ಹೆಚ್ಚಾಗಿ 3.5ರ ಆಸುಪಾಸಿನಲ್ಲಿ ಇರುತ್ತದೆ.

ಸ್ವಂತ ಪರಿಚಯದ ಪ್ರಬಂಧಕ್ಕೆ 4,500 ಅಕ್ಷರಗಳ ಮಿತಿ, ಖಾಲಿ ಜಾಗವೂ ಸೇರಿ. ಚಿಕ್ಕಂದಿನಲ್ಲಿ ಕನ್ನಡಕ ಹಾಕಿಕೊಂಡಾಗ ಮರದ ಎಲೆಗಳು ಕಾಣಿಸಿದವು ಎಂದು ಶುರು ಮಾಡುವ ಪ್ರಬಂಧಗಳನ್ನು ಅವರು ರಾಶಿ ರಾಶಿ ಓದಿರುತ್ತಾರೆ. ಅದರ ಬದಲು ಕ್ಲಿನಿಕ್‌ನಲ್ಲಿ ವೈದ್ಯರ ಪಕ್ಕ ನಿಂತು ನೋಡಿದ ಒಬ್ಬ ರೋಗಿಯ ಬಗ್ಗೆ ಬರೆಯಿರಿ, ಹೆಸರು ಹೇಳದೆ. ಶಿಫಾರಸು ಪತ್ರಗಳಲ್ಲಿ ಒಂದು ಆಪ್ಟೊಮೆಟ್ರಿಸ್ಟ್‌ರಿಂದಲೇ ಬೇಕೆಂದು ಹಲವು ಶಾಲೆಗಳು ಕೇಳುತ್ತವೆ. ಖಾಸಗಿ ಕ್ಲಿನಿಕ್, ಚೈನ್ ಅಂಗಡಿ, ಆಸ್ಪತ್ರೆ, ಮೂರೂ ಕಡೆ ಹೋಗಿ ನೋಡಿದವರಿಗೆ ಸಂದರ್ಶನದಲ್ಲಿ ಮಾತಿಗೆ ತಡವರಿಸಬೇಕಾಗುವುದಿಲ್ಲ.

ಎರಡು ಸೀಟು ಕೈಯಲ್ಲಿದ್ದಾಗ

ಎರಡು ಕಡೆಯಿಂದ ಒಪ್ಪಿಗೆ ಪತ್ರ ಬಂದರೆ ಎರಡಕ್ಕೂ ಒಂದೇ ಹಾಳೆಯಲ್ಲಿ ನಾಲ್ಕು ವರ್ಷದ ಪೂರ್ತಿ ಖರ್ಚು ಬರೆಯಿರಿ. ಮೊದಲ ವರ್ಷದ ಶುಲ್ಕ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಅದು ವರ್ಷ ವರ್ಷ ಏರುತ್ತದೆ. ವಿದ್ಯಾರ್ಥಿವೇತನ ಕೊಟ್ಟಿದ್ದರೆ ಅದು ಒಂದೇ ವರ್ಷಕ್ಕೋ ನಾಲ್ಕೂ ವರ್ಷಕ್ಕೋ, ಉಳಿಸಿಕೊಳ್ಳಲು ಎಷ್ಟು ಜಿಪಿಎ ಬೇಕು ಎಂದು ಓದಿ. ಖರ್ಚು ಜಾಸ್ತಿ ಇರುವ ಶಾಲೆಯೇ ನಿಮಗೆ ಇಷ್ಟವಾಗಿದ್ದರೆ, ಇನ್ನೊಂದು ಶಾಲೆ ಕೊಟ್ಟ ನೆರವಿನ ಪತ್ರವನ್ನು ಲಗತ್ತಿಸಿ, ಇನ್ನಷ್ಟು ಸಹಾಯ ಸಾಧ್ಯವೇ ಎಂದು ವಿನಯದಿಂದ ಕೇಳಿ. ಕೇಳಿದ್ದಕ್ಕೆ ಸೀಟು ಹಿಂತೆಗೆದುಕೊಳ್ಳುತ್ತಾರೆ ಎಂಬ ಹೆದರಿಕೆ ಬೇಡ. ಮುಂಗಡ ಹಣ ಕಟ್ಟುವ ದಿನಾಂಕ ಹತ್ತಿರವಾದರೆ ಎರಡು ವಾರ ಕಾಲಾವಕಾಶ ಕೋರಿ ಪ್ರವೇಶ ಕಚೇರಿಗೆ ಬರೆಯಿರಿ. ಕಟ್ಟುವ ಮೊದಲು, ಆ ಹಣ ವಾಪಸ್ ಬರುತ್ತದೆಯೇ ಇಲ್ಲವೇ ಎಂಬುದನ್ನು ಅದೇ ಪತ್ರದಲ್ಲಿ ಕೇಳಿಬಿಡಿ.